ಪಟ್ಟಿ ಬರೆಯುವ ಕೈ

“ನಕಾಶೆಯಲ್ಲಿ ನಮ್ಮೂರಿಗೆ ಪೂರ್ತಿ ಬಣ್ಣ ತುಂಬಿದೆ ದೊಡ್ಡಪ್ಪ. ಇಲ್ಲಿ 4ಜಿ ಇದೆಯಂತೆ.”

ತೀರ್ಥಹಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ಸಿಗ್ನಲ್ ಇದ್ದಾಗಲೇ ತೆಗೆದಿಟ್ಟುಕೊಂಡಿದ್ದ ಸ್ಕ್ರೀನ್‌ಶಾಟನ್ನು ಅವಳು ಮುಂದೆ ಹಿಡಿದಳು. ಜಗಲಿಯಲ್ಲಿ ಮೆಟ್ಟುಗತ್ತಿಯ ಮುಂದೆ ಕೂತಿದ್ದ ದೊಡ್ಡಪ್ಪ, ಕೈಯಲ್ಲಿದ್ದ ಅಡಿಕೆ ಸುಲಿದು ಬುಟ್ಟಿಗೆ ಹಾಕಿ, ಕನ್ನಡಕ ಸರಿಮಾಡಿಕೊಂಡು ನೋಡಿದರು. ಮೂವತ್ತನಾಲ್ಕು ವರ್ಷ ಟೆಲಿಫೋನ್ ಇಲಾಖೆಯಲ್ಲಿ ದುಡಿದವರು ಅವರು. ಲೈನ್‌ಮನ್ ಆಗಿ ಸೇರಿ, ಕಂಬ ಹತ್ತಿ, ಕೇಬಲ್ ಜಾಯಿಂಟ್ ಮಾಡಿ, ಕೊನೆಗೆ ಎಕ್ಸ್‌ಚೇಂಜಿನ ಬೀಗದ ಕೈ ಒಪ್ಪಿಸಿ ನಿವೃತ್ತರಾದವರು. ಅವಳು ಅವರ ತಮ್ಮನ ಮಗಳು, ಬೆಂಗಳೂರಿನಲ್ಲಿ ವಕೀಲೆ. ಕೊನೆಕೊಯ್ಲಿನ ವಾರಕ್ಕೆಂದು ಊರಿಗೆ ಬಂದಿದ್ದಳು.

“ಈ ನಕಾಶೆ ಬರೆದವನು ಯಾರ ಮನೆ ಅಂಗಳದಲ್ಲಿ ನಿಂತು ಬರೆದ?”

“ಕಂಪನಿಯವರು ಆಫೀಸಿನಲ್ಲೇ ಕೂತು ಬರೆದಿರಬೇಕು. ಎಲ್ಲೆಲ್ಲಿ ಸಿಗ್ನಲ್ ಸಿಗುತ್ತೆ ಅಂತ ನಕಾಶೆ ಮಾಡಿ ವೆಬ್‌ಸೈಟಿಗೆ ಹಾಕಲೇಬೇಕು ಅಂತ ಟೆಲಿಕಾಂ ನಿಯಂತ್ರಣ ಸಂಸ್ಥೆ ಟ್ರಾಯ್ 2024ರ ಗುಣಮಟ್ಟದ ನಿಯಮಗಳಲ್ಲಿ ಹೇಳಿದೆ. ಹಾಕಿದ್ದಾರೆ.”

“ಹಾಕಿ ಏನು ಪ್ರಯೋಜನ? ನಿನ್ನ ಫೋನಿನಲ್ಲಿ ಒಂದು ಕಡ್ಡಿಯೂ ಇಲ್ಲ.”

ಅವಳು ವಕೀಲೆಯ ಧಾಟಿಗೆ ಬಂದಳು. “ಪ್ರಯೋಜನ ಇದೆ. ‘ನಿಮ್ಮೂರಿಗೆ ಸೇವೆ ಇಲ್ಲ’ ಅಂತ ಅವರು ಹೇಳಿದರೆ ನಾವು ಏನು ವಾದ ಮಾಡೋದು? ಈಗ ‘ಇದೆ’ ಅಂತ ಅವರೇ ಬರೆದುಕೊಟ್ಟಿದ್ದಾರೆ. ಬರೆದುಕೊಟ್ಟ ಮಾತಿಗೆ ಉತ್ತರ ಕೇಳಬಹುದು. ಆ ನಿಯಮಗಳಲ್ಲೇ ಇನ್ನೊಂದಿದೆ. ಜಿಲ್ಲಾ ಮಟ್ಟದಲ್ಲಿ ನೆಟ್‌ವರ್ಕ್ ಇಪ್ಪತ್ತನಾಲ್ಕು ಗಂಟೆ ಮೀರಿ ಬಿದ್ದುಹೋದರೆ ಪೋಸ್ಟ್‌ಪೇಯ್ಡ್‌ನವರಿಗೆ ಬಾಡಿಗೆಯಲ್ಲಿ ಕಡಿತ, ಪ್ರೀಪೇಯ್ಡ್‌ನವರಿಗೆ ದಿನ ವಿಸ್ತರಣೆ.”

“ಜಿಲ್ಲೆ ಬಿದ್ದರೆ ತಾನೇ. ಮಳೆಗಾಲದಲ್ಲಿ ಒಂದು ಟವರಿನ ಡೀಸೆಲ್ ಮುಗಿದು ನಾಲ್ಕು ಊರು ಮೂರು ದಿನ ಸತ್ತಿದ್ದರೆ ಅದು ಯಾವ ಲೆಕ್ಕಕ್ಕೆ?”

ಅವಳ ಬಳಿ ಉತ್ತರವಿರಲಿಲ್ಲ. ಫೋನನ್ನು ಕಂಬದ ಪಕ್ಕದ ಗೂಡಿನಲ್ಲಿಟ್ಟು, ಇನ್ನೊಂದು ಮೆಟ್ಟುಗತ್ತಿ ಎಳೆದುಕೊಂಡು ಕೂತಳು.

ಭಾರತದಲ್ಲಿ ಸರ್ಕಾರ ಇಂಟರ್ನೆಟ್ಟನ್ನು ಹೇಗೆ ಆಳುತ್ತದೆ ಎಂಬ ಮಾತು ಪೇಟೆಯಲ್ಲಿ ಸಾಮಾನ್ಯವಾಗಿ ದರದ ಪಟ್ಟಿಯಿಂದ, ವೇಗದಿಂದ ಆರಂಭವಾಗುತ್ತದೆ. ಹಳ್ಳಿಯ ಜಗಲಿಯಲ್ಲಿ ಅದು ಲೆಕ್ಕದಿಂದಲೇ ಆರಂಭವಾಗಬೇಕು. ಯಾರನ್ನು ಎಣಿಸಿದರು, ಯಾರನ್ನು ಬಿಟ್ಟರು ಎಂಬುದು ಉಳಿದೆಲ್ಲವನ್ನೂ ತೀರ್ಮಾನಿಸುತ್ತದೆ. ಬ್ರಾಡ್‌ಬ್ಯಾಂಡ್ ಎಂಬ ಪದದ ಚರಿತ್ರೆಯೇ ಇದಕ್ಕೆ ಸಾಕ್ಷಿ.

“2004ರ ನೀತಿಯಲ್ಲಿ ಸೆಕೆಂಡಿಗೆ 256 ಕಿಲೋಬಿಟ್ ಇದ್ದರೆ ಅದು ಬ್ರಾಡ್‌ಬ್ಯಾಂಡ್,” ಎಂದಳು. “2013ರಲ್ಲಿ ಅದನ್ನು 512 ಮಾಡಿದರು. ಎರಡು ಮೆಗಾಬಿಟ್ ಆಗಿದ್ದು ಯಾವಾಗ ಗೊತ್ತಾ? 2023ರ ಜನವರಿಯಲ್ಲಿ. ಕೊರೊನಾ ಬಂದು, ಮಕ್ಕಳು ಎರಡು ವರ್ಷ ಫೋನಿನಲ್ಲಿ ಪಾಠ ಕೇಳಿ ಮುಗಿಸಿದ ಮೇಲೆ. ಅಮೆರಿಕದವರು 2015ರಲ್ಲೇ 25 ಮೆಗಾಬಿಟ್ ಅಂದಿದ್ದರು, 2024ರಲ್ಲಿ 100 ಅಂದರು.”

“2004ರ ಮಾತು ಬಿಡು, ನಾನು ಆ ತಂತಿ ಎಳೆದವನು,” ದೊಡ್ಡಪ್ಪ ತಲೆಯಾಡಿಸಿದರು. “ತಾಮ್ರದ ಜೋಡಿಯಲ್ಲಿ 256 ಓಡಿಸೋದೇ ದೊಡ್ಡ ಸಾಹಸ. ಎಕ್ಸ್‌ಚೇಂಜಿನಿಂದ ನಾಲ್ಕು ಕಿಲೋಮೀಟರ್ ಆಚೆ ಮನೆ ಇದ್ದರೆ ಮೋಡೆಮ್ಮಿನ ದೀಪ ನಿಲ್ಲುತ್ತಲೇ ಇರಲಿಲ್ಲ. ಜಾಯಿಂಟಿನಲ್ಲಿ ನೀರು ಹೊಕ್ಕರೆ ಮುಗೀತು. ಆವತ್ತಿಗೆ ಆ ಅಂಕಿ ಸರಿ ಇತ್ತು.”

“ಆವತ್ತಿಗೆ ಸರಿ. ಹತ್ತೊಂಬತ್ತು ವರ್ಷದಲ್ಲಿ ಎರಡು ಮೆಗಾಬಿಟ್‌ಗೆ ಬಂದಿದ್ದು ಸರಿಯಾ? ಐದು ಎಂಬಿಯ ಒಂದು ಫೋಟೊ 256ರಲ್ಲಿ ಎರಡೂವರೆ ನಿಮಿಷ ತಗೊಳ್ಳುತ್ತೆ, ಎರಡು ಮೆಗಾಬಿಟ್‌ನಲ್ಲಿ ಇಪ್ಪತ್ತು ಸೆಕೆಂಡ್. ಅಂಕಿ ಕೆಳಗಿದ್ದಷ್ಟೂ ಬ್ರಾಡ್‌ಬ್ಯಾಂಡ್ ಇರುವವರ ಸಂಖ್ಯೆ ಮೇಲೆ ಕಾಣುತ್ತೆ. ಸಾಧನೆಯ ಪಟ್ಟಿ ಉದ್ದ ಆಗುತ್ತೆ.”

ಅಡಿಕೆಯ ಸಿಪ್ಪೆ ಗುಡ್ಡೆಯಾಗುತ್ತಿತ್ತು. ಒಳಗಿಂದ ಕಾಫಿ ಬಂತು. ದೊಡ್ಡಪ್ಪ ಲೋಟ ಕೆಳಗಿಟ್ಟು, ಬಹಳ ದಿನದಿಂದ ಮನಸ್ಸಿನಲ್ಲಿದ್ದುದನ್ನು ಕೇಳಿದರು.

“ಪುಕ್ಕಟೆ ಇಂಟರ್ನೆಟ್ ಕೊಡ್ತೀನಿ ಅಂತ ಫೇಸ್‌ಬುಕ್ಕಿನವನು ಬಂದಾಗ ನೀವೆಲ್ಲ ಬೇಡ ಅಂದಿರಲ್ಲ, ಅದು ಯಾಕೆ? ಆಗ ಈ ಕೇರಿಯಲ್ಲಿ ಒಬ್ಬನಿಗೂ ಡೇಟಾ ಹಾಕಿಸುವ ಶಕ್ತಿ ಇರಲಿಲ್ಲ. ಏನೂ ಇಲ್ಲದವನಿಗೆ ನಾಲ್ಕು ಪುಟ ಓದೋಕೆ ಕೊಟ್ಟರೆ, ಎಲ್ಲ ಇದ್ದವರು ನಿಂತು ತಡೆಯೋದಾ?”

ಪ್ರಶ್ನೆ ಅವಳಿಗೆ ಹೊಸದಲ್ಲ. ಆ ದಿನಗಳಲ್ಲಿ ಅವಳು ಕಾನೂನು ವಿದ್ಯಾರ್ಥಿನಿ. 2015ರ ಮಾರ್ಚ್ 27ರಂದು ಟ್ರಾಯ್ ಒಂದು ಸಮಾಲೋಚನಾ ಪತ್ರ ಹೊರಡಿಸಿತ್ತು. ವಾಟ್ಸ್ಯಾಪ್, ಸ್ಕೈಪ್‌ನಂಥ ಸೇವೆಗಳನ್ನು ಹೇಗೆ ನಿಯಂತ್ರಿಸಬೇಕು ಎಂಬ ಇಪ್ಪತ್ತು ಪ್ರಶ್ನೆಗಳು, ನೂರು ಪುಟ ಮೀರಿದ ಒಣ ಇಂಗ್ಲಿಷ್. ಅದರ ಹಿಂದಿನ ಡಿಸೆಂಬರಿನಲ್ಲಷ್ಟೇ ಏರ್‌ಟೆಲ್ ಇಂಟರ್ನೆಟ್ ಕರೆಗಳಿಗೆ ಬೇರೆ ದರ ಘೋಷಿಸಿ, ಜನ ಸಿಟ್ಟಾದ ಮೇಲೆ ಹಿಂತೆಗೆದುಕೊಂಡಿತ್ತು. ಏಪ್ರಿಲಿನಲ್ಲಿ ‘ಏರ್‌ಟೆಲ್ ಝೀರೋ’ ಬಂತು. ಆ್ಯಪಿನ ಕಂಪನಿ ದುಡ್ಡು ಕಟ್ಟಿದರೆ ಅದನ್ನು ಬಳಸುವವನಿಗೆ ಡೇಟಾ ಖರ್ಚಿಲ್ಲ ಎಂಬ ಯೋಜನೆ ಅದು. ಒಂದೇ ವಾರದಲ್ಲಿ ಫ್ಲಿಪ್‌ಕಾರ್ಟ್ ಅದರಿಂದ ಹೊರಬಂತು. ಟ್ರಾಯ್‌ಗೆ ಹೋದ ಇಮೇಲುಗಳು ಹತ್ತು ಲಕ್ಷ ದಾಟಿದವು. ಸರ್ಕಾರಿ ಕಚೇರಿಯ ಒಂದು ಪತ್ರಕ್ಕೆ ಅಷ್ಟು ಜನ ಉತ್ತರ ಬರೆದದ್ದು ಈ ದೇಶದಲ್ಲಿ ಸಣ್ಣ ಸಂಗತಿಯಲ್ಲ. ಆಮೇಲೆ ಟ್ರಾಯ್ ಆ ಉತ್ತರಗಳನ್ನೆಲ್ಲ ಇಮೇಲ್ ವಿಳಾಸಗಳ ಸಮೇತ ಬಹಿರಂಗವಾಗಿ ಪ್ರಕಟಿಸಿಬಿಟ್ಟಿತು. ಜನರ ಖಾಸಗಿತನ ಕಾಯಬೇಕಾದ ಸಂಸ್ಥೆ ಮಾಡಬಾರದಿದ್ದ ತಪ್ಪು ಅದು.

“ನಿಮ್ಮ ಪ್ರಶ್ನೆ ನನಗೂ ನಿದ್ದೆ ಕೆಡಿಸಿದೆ ದೊಡ್ಡಪ್ಪ. ಇಲ್ಲದವರ ಪರವಾಗಿ ಇದ್ದವರು ಬೇಡ ಅನ್ನೋದು ಸುಲಭ. ಆದರೆ ಫೇಸ್‌ಬುಕ್ಕಿನ ಆ ಫ್ರೀ ಬೇಸಿಕ್ಸ್ ಹೇಗೆ ನಡೀತಿತ್ತು ನೋಡಿ. ಯಾವ ಯಾವ ವೆಬ್‌ಸೈಟ್ ಅದರೊಳಗೆ ಬರಬೇಕು ಅನ್ನುವ ನಿಯಮ ಬರೆದದ್ದು ಫೇಸ್‌ಬುಕ್. ವಿಡಿಯೊ ಇಲ್ಲ, ಕರೆ ಇಲ್ಲ. ಓದುವವನ ಓಡಾಟವೆಲ್ಲ ಅವರ ಸರ್ವರ್ ಹಾದುಹೋಗಬೇಕು. ಇಲ್ಲಿ ರಿಲಯನ್ಸ್ ಕಮ್ಯುನಿಕೇಷನ್ಸ್ ಸಿಮ್ ಇದ್ದವರಿಗಷ್ಟೇ. ಇಂಟರ್ನೆಟ್ ಅಂದರೆ ಇಷ್ಟೇ ಅಂತ ಒಂದು ತಲೆಮಾರು ನಂಬಿಬಿಟ್ಟರೆ?”

“ನಂಬಿದರೆ ನಂಬಲಿ, ಆಮೇಲೆ ದೊಡ್ಡದು ಕಾಣ್ತಾರೆ.”

“ಪಟ್ಟಿಯ ಆಚೆ ಇರುವ ಒಬ್ಬ ಕನ್ನಡದ ಹುಡುಗ ಅಡಿಕೆ ಧಾರಣೆ ತೋರಿಸುವ ಆ್ಯಪ್ ಮಾಡಿದ ಅಂತಿಟ್ಟುಕೊಳ್ಳಿ. ನಿಮ್ಮ ಸಿಮ್ಮಿನಲ್ಲಿ ದೊಡ್ಡ ಕಂಪನಿಯ ಆ್ಯಪ್ ಪುಕ್ಕಟೆ, ಇವನದ್ದಕ್ಕೆ ದುಡ್ಡು. ನೀವು ಯಾವುದನ್ನು ತೆರೀತೀರಿ?”

ದೊಡ್ಡಪ್ಪ ಸುಮ್ಮನಾದರು. ಆಮೇಲೆ, ಮಾತು ಎಲ್ಲಿಗೋ ಹೋಗುತ್ತಿದೆ ಎಂಬಂತೆ, ಹಳೆಯ ಕಥೆಯೊಂದನ್ನು ತೆಗೆದರು.

“ಸ್ಟ್ರೌಜರ್ ಎಕ್ಸ್‌ಚೇಂಜ್ ಅಂತ ಇತ್ತು, ನೀನು ನೋಡಿಲ್ಲ. ಡಯಲ್ ತಿರುಗಿಸಿದ ಹಾಗೆಲ್ಲ ಒಳಗೆ ಟಕಟಕ ಅಂತ ಮೆಟ್ಟಿಲು ಹತ್ತುತ್ತಿತ್ತು. ಅದರ ಹುಟ್ಟಿನ ಬಗ್ಗೆ ಟ್ರೈನಿಂಗಿನಲ್ಲಿ ಮೇಷ್ಟ್ರು ಒಂದು ಕಥೆ ಹೇಳುತ್ತಿದ್ದರು. ಅಮೆರಿಕದ ಕಾನ್ಸಸ್ ಸಿಟಿಯಲ್ಲಿ ಸ್ಟ್ರೌಜರ್ ಅಂತ ಒಬ್ಬ. ಹೆಣ ಸಾಗಿಸುವ, ಅಂತ್ಯಕ್ರಿಯೆ ಮಾಡಿಸುವ ಅಂಗಡಿ ಅವನದ್ದು. ಆಗ ಕರೆಗಳನ್ನು ಕೈಯಲ್ಲಿ ಜೋಡಿಸಬೇಕಿತ್ತು. ಊರಿನ ಆಪರೇಟರ್ ಹೆಂಗಸಿನ ಗಂಡನದ್ದೂ ಅದೇ ವ್ಯಾಪಾರ. ‘ಸ್ಟ್ರೌಜರ್‌ಗೆ ಕೊಡಿ’ ಅಂತ ಜನ ಕೇಳಿದರೆ ಆಕೆ ಗಂಡನ ಅಂಗಡಿಗೇ ಜೋಡಿಸುತ್ತಿದ್ದಳಂತೆ. ರೋಸಿಹೋಗಿ ಈತ ನಡುವೆ ಮನುಷ್ಯರೇ ಇಲ್ಲದ ಎಕ್ಸ್‌ಚೇಂಜ್ ಕಂಡುಹಿಡಿದ. 1891ರಲ್ಲಿ ಪೇಟೆಂಟ್ ಆಯ್ತು.”

ಹೇಳುತ್ತಾ ಹೇಳುತ್ತಾ ಅವರ ಕೈ ನಿಂತಿತು. ತಾವು ಯಾವ ಕಡೆಯ ವಾದ ಮಂಡಿಸುತ್ತಿದ್ದೇವೆ ಎಂಬುದು ಅವರಿಗೇ ಹೊಳೆದಿತ್ತು.

“ಅದೇ ದೊಡ್ಡಪ್ಪ,” ಎಂದಳು ಅವಳು ಮೆಲ್ಲಗೆ. “ನಡುವೆ ಕೂತವರು ಯಾರ ಕರೆ ಯಾರಿಗೆ ಅಂತ ತೀರ್ಮಾನ ಮಾಡಬಾರದು, ಅಷ್ಟೇ.”

2015ರ ಡಿಸೆಂಬರಿನಲ್ಲಿ ಟ್ರಾಯ್ ಎರಡನೇ ಪತ್ರ ಹೊರಡಿಸಿತು, ಈ ಸಲ ದರದ ತಾರತಮ್ಯ ಕುರಿತೇ. ಫೇಸ್‌ಬುಕ್ ಪತ್ರಿಕೆಗಳ ಪುಟಪುಟಗಳಲ್ಲಿ ಜಾಹೀರಾತು ಕೊಟ್ಟಿತು, ಮಾರ್ಕ್ ಝಕರ್‌ಬರ್ಗ್ ಸ್ವತಃ ಭಾರತದ ಪತ್ರಿಕೆಯಲ್ಲಿ ಲೇಖನ ಬರೆದರು. ಇತ್ತ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಐಐಟಿಗಳ ಹಲವು ಅಧ್ಯಾಪಕರು ಒಟ್ಟಾಗಿ ಸಹಿ ಹಾಕಿ ಯೋಜನೆಯನ್ನು ವಿರೋಧಿಸಿದರು. 2016ರ ಫೆಬ್ರುವರಿ 8ರಂದು ನಿಯಮ ಬಂತು. ಏನು ನೋಡುತ್ತೀರಿ ಎಂಬುದರ ಮೇಲೆ ಡೇಟಾಕ್ಕೆ ಬೇರೆ ಬೇರೆ ದರ ಇಡುವಂತಿಲ್ಲ. ಮೀರಿದರೆ ದಿನಕ್ಕೆ 50,000 ರೂಪಾಯಿ ದಂಡ, ಹೆಚ್ಚೆಂದರೆ 50 ಲಕ್ಷ. ಮೂರು ದಿನದಲ್ಲಿ ಫ್ರೀ ಬೇಸಿಕ್ಸ್ ಭಾರತದಿಂದ ಹೊರಟಿತು. 2018ರಲ್ಲಿ ಲೈಸೆನ್ಸಿನ ಷರತ್ತುಗಳಲ್ಲೇ ತಾರತಮ್ಯ ನಿಷೇಧ ಸೇರಿತು. ಬೇಕೆಂದೇ ತಡೆಯುವುದು, ನಿಧಾನ ಮಾಡುವುದು, ದುಡ್ಡು ಕೊಟ್ಟವರಿಗೆ ಮೊದಲ ದಾರಿ ಬಿಡುವುದು, ಮೂರೂ ನಿಷಿದ್ಧ.

ಈ ಲೇಖನದ ಅಭಿಪ್ರಾಯದಲ್ಲಿ ಇಂಟರ್ನೆಟ್ ವಿಷಯದಲ್ಲಿ ಭಾರತದ ಸರ್ಕಾರಿ ಯಂತ್ರ ಮಾಡಿದ ಅತ್ಯುತ್ತಮ ಕೆಲಸ ಅದೇ. ಅಮೆರಿಕದಲ್ಲಿ ಇದೇ ನಿಯಮ 2015ರಲ್ಲಿ ಬಂದು, 2017ರಲ್ಲಿ ರದ್ದಾಗಿ, 2024ರಲ್ಲಿ ಮತ್ತೆ ಬಂದು, 2025ರ ಜನವರಿಯಲ್ಲಿ ನ್ಯಾಯಾಲಯದಲ್ಲಿ ಬಿದ್ದುಹೋಯಿತು. ಆಳುವ ಪಕ್ಷ ಬದಲಾದಂತೆಲ್ಲ ಅಲ್ಲಿ ತಂತಿಯ ಧರ್ಮವೂ ಬದಲಾಗುತ್ತಿತ್ತು. ನಮ್ಮಲ್ಲಿ ನಿಯಮ ನಿಂತಿದೆ. ಆದರೆ ಒತ್ತಡ ತಪ್ಪಿಲ್ಲ. ಹೆಚ್ಚು ಟ್ರಾಫಿಕ್ ತರುವ ವಿಡಿಯೊ ಕಂಪನಿಗಳು ನಮಗೂ ಪಾಲು ಕೊಡಬೇಕು ಎಂದು ಟೆಲಿಕಾಂ ಕಂಪನಿಗಳು ಕೇಳುತ್ತಲೇ ಇವೆ. ದಕ್ಷಿಣ ಕೊರಿಯಾದಲ್ಲಿ ಆ ಹಾದಿ ಎಲ್ಲಿಗೆ ಹೋಯಿತು ಎಂಬುದು ಕಣ್ಣೆದುರಿಗಿದೆ: ನೆಟ್‌ವರ್ಕ್ ಶುಲ್ಕ ತಾಳಲಾರದ್ದು ಎಂದು ಹೇಳಿ ಟ್ವಿಚ್ ಎಂಬ ಆಟದ ವಿಡಿಯೊ ಸೇವೆ 2024ರ ಫೆಬ್ರುವರಿಯಲ್ಲಿ ಆ ದೇಶವನ್ನೇ ಬಿಟ್ಟಿತು.

“ಅದೆಲ್ಲ ಸರಿ, ಕೇರಿಗೆ ಇಂಟರ್ನೆಟ್ ತಂದದ್ದು ನಿಮ್ಮ ನಿಯಮ ಅಲ್ಲ, ಜಿಯೊ,” ದೊಡ್ಡಪ್ಪ ಬಿಡಲಿಲ್ಲ.

“ಒಪ್ಪಿದೆ. 2014ರಲ್ಲಿ ಒಂದು ಜಿಬಿಗೆ 250 ರೂಪಾಯಿ ಮೀರಿತ್ತು, ಈಗ ಹತ್ತರ ಆಸುಪಾಸು. ಸ್ಪರ್ಧೆ ಮಾಡಿದ ಕೆಲಸ ಅದು. ಆದರೆ ಆ ಸ್ಪರ್ಧೆಯಲ್ಲಿ ಎಷ್ಟು ಕಂಪನಿ ಮುಳುಗಿದವು ನೋಡಿ. ಈಗ ಮೂರು ಖಾಸಗಿ, ಒಂದು ಸರ್ಕಾರಿ. ನಮ್ಮಂಥ ಊರಿಗೆ ಟವರ್ ಹಾಕಿದರೆ ಲಾಭ ಇಲ್ಲ ಅಂತ ಮೂವರೂ ಅಂದರೆ ಯಾರನ್ನು ಕೇಳೋದು?”

“ಸರ್ಕಾರವನ್ನ. ಅದಕ್ಕೇ ಅಲ್ಲವಾ ದುಡ್ಡು ಎತ್ತಿಟ್ಟಿರೋದು?”

ಎತ್ತಿಟ್ಟಿರುವುದು ನಿಜ. ಟೆಲಿಕಾಂ ಕಂಪನಿಗಳ ಆದಾಯದ ಲೆಕ್ಕದಲ್ಲಿ ನೂರಕ್ಕೆ ಐದು ರೂಪಾಯಿ ಸಾರ್ವತ್ರಿಕ ಸೇವಾ ನಿಧಿಗೆ ಹೋಗುತ್ತದೆ, ಈಗ ಅದರ ಹೆಸರು ಡಿಜಿಟಲ್ ಭಾರತ್ ನಿಧಿ. ಲಾಭವಿಲ್ಲದ ಊರಿಗೂ ತಂತಿ ಮುಟ್ಟಲಿ ಎಂದೇ ಈ ನಿಧಿ. ಇದರಿಂದಲೇ 2011ರ ಅಕ್ಟೋಬರಿನಲ್ಲಿ ಕೇಂದ್ರ ಸಂಪುಟ ಎರಡೂವರೆ ಲಕ್ಷ ಗ್ರಾಮ ಪಂಚಾಯಿತಿಗಳಿಗೆ ಫೈಬರ್ ಎಳೆಯುವ ಯೋಜನೆ ಒಪ್ಪಿತು. ಎರಡು ವರ್ಷದಲ್ಲಿ ಮುಗಿಯಬೇಕಿತ್ತು. ಹೆಸರು ಭಾರತ್‌ನೆಟ್ ಎಂದು ಬದಲಾಯಿತು, ಗಡುವು ಮತ್ತೆ ಮತ್ತೆ ಮುಂದೆ ಹೋಯಿತು. 2024ರ ಹೊತ್ತಿಗೆ ‘ಸರ್ವಿಸ್ ರೆಡಿ’ ಎಂದು ಘೋಷಿಸಿದ ಪಂಚಾಯಿತಿಗಳು 2.14 ಲಕ್ಷ. 2023ರ ಆಗಸ್ಟಿನಲ್ಲಿ ಮತ್ತೆ 1.39 ಲಕ್ಷ ಕೋಟಿ ರೂಪಾಯಿಗೆ ಒಪ್ಪಿಗೆ ಸಿಕ್ಕಿತು.

“ಸರ್ವಿಸ್ ರೆಡಿ,” ದೊಡ್ಡಪ್ಪ ಆ ಪದವನ್ನು ಬಾಯಲ್ಲಿ ಒಮ್ಮೆ ಆಡಿಸಿದರು. “ಪಂಚಾಯಿತಿ ಆಫೀಸಿನ ಗೋಡೆಗೆ ಒಂದು ಪೆಟ್ಟಿಗೆ ಹೊಡೆದರೆ ರೆಡಿ. ಅಲ್ಲಿಂದ ನಮ್ಮ ಮನೆಗೆ ಆರು ಕಿಲೋಮೀಟರ್. ರಸ್ತೆ ಅಗಲ ಮಾಡುವ ಜೆಸಿಬಿ ಎಲ್ಲಿ ಹಲ್ಲು ಊರಿದರೂ ಫೈಬರ್ ಕತ್ತರಿಸುತ್ತೆ. ಆಮೇಲೆ ಸ್ಪ್ಲೈಸ್ ಮಾಡುವವನು ಯಾರು? ತಂತಿ ಎಳೆಯೋಕೆ ಟೆಂಡರ್ ಇರುತ್ತೆ ಮಾರಾಯ್ತಿ, ಕಾಯೋಕೆ ಮನುಷ್ಯ ಬೇಕು.”

ಅದನ್ನು ಹೇಳುವ ಹಕ್ಕು ಅವರಿಗಿದೆ. 1986ರಲ್ಲಿ ಸರ್ಕಾರದ ಟೆಲಿಕಾಂ ಸಂಶೋಧನಾ ಸಂಸ್ಥೆ ಸಿ-ಡಾಟ್‌ನ ಮೊದಲ ಗ್ರಾಮೀಣ ಎಕ್ಸ್‌ಚೇಂಜ್ ಶುರುವಾದದ್ದು ನಮ್ಮದೇ ಕಿತ್ತೂರಿನಲ್ಲಿ. 128 ಲೈನಿನ ಪುಟ್ಟ ಯಂತ್ರ. ಎ.ಸಿ. ಬೇಡ, ಹಳ್ಳಿಯ ಧೂಳು, ಸೆಖೆ ತಡೆದುಕೊಳ್ಳುತ್ತಿತ್ತು. ಆಮೇಲೆ ಅಂಥವು ಊರೂರಿಗೆ ಬಂದವು, ಜೊತೆಗೆ ಒಬ್ಬ ಲೈನ್‌ಮನ್ ಕೂಡ. ಮಳೆಗೆ ಮರ ಬಿದ್ದರೆ ಬೆಳಗಾಗುವುದರೊಳಗೆ ತಂತಿ ಹುಡುಕಿಕೊಂಡು ಅವನು ಹೊರಟಿರುತ್ತಿದ್ದ.

ಅವನಿಲ್ಲದ ಕಾಲದಲ್ಲಿ ಏನಾಯಿತು ಎಂಬುದನ್ನು 2021ರ ಜೂನಿನಲ್ಲಿ ಇಡೀ ದೇಶ ಒಂದು ಚಿತ್ರದಲ್ಲಿ ನೋಡಿತು: ಸುಳ್ಯ ತಾಲೂಕಿನಲ್ಲಿ, ಸುರಿಯುವ ಮಳೆಯಲ್ಲಿ, ರಸ್ತೆ ಬದಿ ಕೂತು ಫೋನಿನಲ್ಲಿ ಪಾಠ ಕೇಳುತ್ತಿರುವ ಮಗಳು, ಅವಳ ತಲೆಯ ಮೇಲೆ ಕೊಡೆ ಹಿಡಿದು ನಿಂತ ಅಪ್ಪ. ಅದಕ್ಕೂ ಆರು ತಿಂಗಳ ಮೊದಲು, ಪಂಚಾಯಿತಿ ಚುನಾವಣೆಯ ಹೊತ್ತಿಗೆ, ಮಲೆನಾಡಿನ ಹಳ್ಳಿಗಳಲ್ಲಿ ‘ನೋ ನೆಟ್‌ವರ್ಕ್, ನೋ ವೋಟಿಂಗ್’ ಎಂಬ ಕೂಗು ಎದ್ದಿತ್ತು.

ಕತ್ತಲಾಯಿತು. ಅಂಗಳದ ದೀಪ ಹಾಕಿದರು. ಅವಳು ಇಷ್ಟು ಹೊತ್ತು ತಡೆದುಕೊಂಡಿದ್ದ ಮಾತು ಆಗ ಬಂತು.

“ತಂತಿ ಮುಟ್ಟಿದ ಮೇಲೂ ಒಂದು ಭಯ ಇದೆ ದೊಡ್ಡಪ್ಪ. 2019ರ ಡಿಸೆಂಬರಿನಲ್ಲಿ ಮಂಗಳೂರಲ್ಲಿ ಗೋಲಿಬಾರ್ ಆಯ್ತಲ್ಲ, ಇಬ್ಬರು ಸತ್ತರಲ್ಲ. ಆಗ ದಕ್ಷಿಣ ಕನ್ನಡದಲ್ಲಿ ಎರಡು ದಿನ ಮೊಬೈಲ್ ಇಂಟರ್ನೆಟ್ ನಿಲ್ಲಿಸಿದರು.”

“ಗಲಾಟೆ ಹೊತ್ತಿನಲ್ಲಿ ಸುಳ್ಳು ಸುದ್ದಿ ಬೆಂಕಿ ಹಾಗೆ ಹರಡುತ್ತೆ. ನಿಲ್ಲಿಸದೆ ಇನ್ನೇನು ಮಾಡಬೇಕಿತ್ತು ಪೊಲೀಸರು?”

“ಸುಳ್ಳು ನಿಲ್ಲಬಹುದು. ಅದನ್ನು ಸುಳ್ಳು ಅಂತ ಹೇಳುವವನ ಬಾಯಿಯೂ ನಿಲ್ಲುತ್ತೆ. ಮಗ ಎಲ್ಲಿದ್ದಾನೆ ಅಂತ ವಾಟ್ಸ್ಯಾಪಿನಲ್ಲಿ ಹುಡುಕೋ ತಾಯಿಯದ್ದೂ ನಿಲ್ಲುತ್ತೆ. ಆದೇಶದಲ್ಲಿ ‘ಮೊಬೈಲ್ ಇಂಟರ್ನೆಟ್ ಮಾತ್ರ’ ಅಂತ ಬರೀತಾರೆ, ಆ ‘ಮಾತ್ರ’ ನೋಡಿ. 2024ರ ಕೊನೆಗೆ ದೇಶದಲ್ಲಿ ಬ್ರಾಡ್‌ಬ್ಯಾಂಡ್ ಸಂಪರ್ಕ 94 ಕೋಟಿ. ಅದರಲ್ಲಿ ಮನೆಗೆ ತಂತಿ ಬಂದಿರೋದು ನಾಲ್ಕು ಕೋಟಿ ಚಿಲ್ಲರೆ. ಉಳಿದವರಿಗೆಲ್ಲ ಮೊಬೈಲೇ ಇಂಟರ್ನೆಟ್. ಅಪಾರ್ಟ್‌ಮೆಂಟಿನ ವೈಫೈ ಓಡುತ್ತಿರುತ್ತೆ, ಮೀನು ಮಾರುವವಳ ಯುಪಿಐ ನಿಂತಿರುತ್ತೆ.”

2017ರಲ್ಲಿ ಕೇಂದ್ರ ಸರ್ಕಾರ ಇಂಟರ್ನೆಟ್ ಸ್ಥಗಿತಕ್ಕೆ ನಿಯಮ ಮಾಡಿದಾಗ ಅದಕ್ಕೆ ಆಧಾರವಾದದ್ದು 1885ರ ಟೆಲಿಗ್ರಾಫ್ ಕಾಯ್ದೆ. ಗೃಹ ಕಾರ್ಯದರ್ಶಿ ಆದೇಶಿಸಬೇಕಿತ್ತು, ಐದು ಕೆಲಸದ ದಿನಗಳಲ್ಲಿ ಸಮಿತಿ ಪರಿಶೀಲಿಸಬೇಕಿತ್ತು. 2021ರ ಸೆಪ್ಟೆಂಬರಿನಲ್ಲಿ ರಾಜಸ್ಥಾನದಲ್ಲಿ ಶಿಕ್ಷಕರ ಅರ್ಹತಾ ಪರೀಕ್ಷೆಗೆ ನಕಲು ತಡೆಯಲೆಂದು ಜಿಲ್ಲೆ ಜಿಲ್ಲೆಗಳಲ್ಲೇ ಮೊಬೈಲ್ ಇಂಟರ್ನೆಟ್ ಬಂದ್ ಮಾಡಿದರು. ಸಾರ್ವಜನಿಕ ತುರ್ತು ಎಂಬ ಮಾತನ್ನು ಪರೀಕ್ಷೆಯ ಕೊಠಡಿಯವರೆಗೆ ಎಳೆದದ್ದು ತಪ್ಪು.

“ಕಾಶ್ಮೀರದ ವಿಷಯ ಹೇಳ್ತೀನಿ ಕೇಳಿ,” ಎಂದಳು. “2019ರ ಆಗಸ್ಟ್‌ನಲ್ಲಿ ಎಲ್ಲ ನಿಲ್ಲಿಸಿದರು. ಪತ್ರಕರ್ತೆ ಅನುರಾಧಾ ಭಸೀನ್ ಸುಪ್ರೀಂ ಕೋರ್ಟಿಗೆ ಹೋದರು. 2020ರ ಜನವರಿ 10ರಂದು ತೀರ್ಪು ಬಂತು. ಇಂಟರ್ನೆಟ್ ಮೂಲಕ ಮಾತಾಡೋದು, ವ್ಯಾಪಾರ ಮಾಡೋದು ಸಂವಿಧಾನದ 19ನೇ ವಿಧಿಯ ರಕ್ಷಣೆಗೆ ಒಳಪಟ್ಟಿದೆ, ಅನಿರ್ದಿಷ್ಟ ಕಾಲ ನಿಲ್ಲಿಸುವಂತಿಲ್ಲ, ಸ್ಥಗಿತದ ಆದೇಶಗಳನ್ನು ಪ್ರಕಟಿಸಬೇಕು ಅಂತ. ಅದೇ ತಿಂಗಳು ಕಾಶ್ಮೀರಕ್ಕೆ ಇಂಟರ್ನೆಟ್ ವಾಪಸ್ ಬಂತು. ಹೇಗೆ ಬಂತು ಗೊತ್ತಾ? 2ಜಿ ವೇಗದಲ್ಲಿ, ಸರ್ಕಾರ ಬರೆದ ಪಟ್ಟಿಯಲ್ಲಿರುವ ವೆಬ್‌ಸೈಟ್‌ಗಳು ಮಾತ್ರ. ಮಾರ್ಚಿನಲ್ಲಿ ಪಟ್ಟಿ ತೆಗೆದರು. 4ಜಿ ಪೂರ್ತಿ ಬಂದದ್ದು 2021ರ ಫೆಬ್ರುವರಿಯಲ್ಲಿ.”

ದೊಡ್ಡಪ್ಪನ ಕೈಯಲ್ಲಿದ್ದ ಅಡಿಕೆ ಹಾಗೆಯೇ ಉಳಿಯಿತು. “ಪಟ್ಟಿ ಅಂದೆಯಾ?”

“ಪಟ್ಟಿ. 2016ರಲ್ಲಿ ಒಂದು ಕಂಪನಿ ಬರೆದ ಪಟ್ಟಿಯನ್ನು ಬೇಡ ಅಂದೆವು. ನಾಲ್ಕು ವರ್ಷಕ್ಕೆ ಸರ್ಕಾರವೇ ಒಂದು ಪಟ್ಟಿ ಬರೆದು ಲಕ್ಷಾಂತರ ಜನಕ್ಕೆ ಇಷ್ಟೇ ನಿಮ್ಮ ಇಂಟರ್ನೆಟ್ ಅಂತು. 2023ರಲ್ಲಿ ಟ್ರಾಯ್ ಮತ್ತೆ ಕೇಳಿತು, ಗಲಾಟೆ ಹೊತ್ತಿನಲ್ಲಿ ಎಲ್ಲ ನಿಲ್ಲಿಸುವ ಬದಲು ಕೆಲವು ಆ್ಯಪ್‌ಗಳನ್ನು ಮಾತ್ರ ತಡೆಯಬಹುದಾ ಅಂತ. ಪೂರ್ತಿ ನಿಲ್ಲಿಸೋದಕ್ಕಿಂತ ಅದು ಕಡಿಮೆ ಕೆಟ್ಟದ್ದು ಅನ್ನಿಸಬಹುದು. ನನಗೆ ಹೆದರಿಕೆ. ಒಮ್ಮೆ ಯಂತ್ರದೊಳಗೆ ಪಟ್ಟಿಗೆ ಜಾಗ ಮಾಡಿಕೊಟ್ಟರೆ ಅದು ಅಲ್ಲೇ ಉಳಿಯುತ್ತೆ.”

“ಹಾಗಾದರೆ ಸರ್ಕಾರ ಇದರಲ್ಲಿ ಕೈ ಹಾಕಲೇಬಾರದಾ?”

“ಹಾಕಬೇಕು. ಕೈ ಹಾಕದಿದ್ದರೆ ನಮ್ಮೂರಿಗೆ ಫೈಬರ್ ಬರಲ್ಲ, ಕಂಪನಿ ಹೇಳಿದ್ದೇ ನಿಯಮ ಆಗುತ್ತೆ. ನಾನು ಕೇಳೋದು ಇಷ್ಟು. ಕಂಪನಿಗೆ ಬರೆದ ನಿಯಮಕ್ಕೆ ದಿನಕ್ಕೆ 50,000 ದಂಡ ಇದೆ. ಸ್ಥಗಿತದ ಆದೇಶ ಪ್ರಕಟಿಸದ ಅಧಿಕಾರಿಗೆ ಏನಿದೆ? ಎರಡು ವರ್ಷದಲ್ಲಿ ಮುಗಿಸ್ತೀವಿ ಅಂದ ಕೆಲಸ ಹತ್ತು ವರ್ಷ ಮೀರಿದರೆ ಏನಿದೆ? 2023ರ ಹೊಸ ಟೆಲಿಕಾಂ ಕಾಯ್ದೆ ಬಂತು, 2024ರ ನವೆಂಬರಿನಲ್ಲಿ ಸ್ಥಗಿತದ ಹೊಸ ನಿಯಮಗಳೂ ಬಂದವು. ಆದೇಶ ಪ್ರಕಟಿಸಬೇಕು ಅಂತ ಅದರಲ್ಲೂ ಇದೆ. ಆದರೆ ಪರಿಶೀಲನಾ ಸಮಿತಿಯಲ್ಲಿ ಕೂರುವವರು ಈಗಲೂ ಸರ್ಕಾರದ ಕಾರ್ಯದರ್ಶಿಗಳೇ. ಹೊರಗಿನ ಒಬ್ಬ ನ್ಯಾಯಾಧೀಶ ಇಲ್ಲ.”

ದೊಡ್ಡಪ್ಪ ಎದ್ದು ಒಳಗೆ ಹೋದರು. ಅಡಿಕೆ ಲೆಕ್ಕದ ಪುಸ್ತಕ ತಂದರು. ಹಿಂದಿನ ಖಾಲಿ ಹಾಳೆ ತಿರುವಿ, ಪಂಚಾಯಿತಿ ಆಫೀಸಿನಿಂದ ಈ ಕಡೆಗೆ ಬರುವ ರಸ್ತೆಯನ್ನು ಗೆರೆ ಎಳೆದರು. ತಿರುವು, ಸಂಕ, ಶಾಲೆ, ದೇವಸ್ಥಾನ. ಕಂಬ ಇರುವಲ್ಲೆಲ್ಲ ಒಂದೊಂದು ಚುಕ್ಕಿ. ಮೂವತ್ತನಾಲ್ಕು ವರ್ಷ ಹತ್ತಿಳಿದ ಕಂಬಗಳು ಅವರಿಗೆ ನೆನಪಿನಲ್ಲೇ ಇದ್ದವು. ಆಮೇಲೆ ಮನೆಗಳ ಹೆಸರು ಬರೆಯತೊಡಗಿದರು.

“ಎಷ್ಟು ಮನೆ, ಯಾವ ಮನೆಗೆ ಎಷ್ಟು ಮೀಟರ್ ಡ್ರಾಪ್ ಕೇಬಲ್ ಬೇಕು, ಎಲ್ಲ ಬರೀತೀನಿ. ನೀನು ಆ ನಕಾಶೆ ಪ್ರಿಂಟ್ ತೆಗೆಸಿ ಇದಕ್ಕೆ ಲಗತ್ತಿಸು. ಪಂಚಾಯಿತಿಗೊಂದು, ಟ್ರಾಯ್‌ಗೊಂದು.”

“ಹೊಳೆ ಆಚೆಯ ಮೂರು ಮನೆ?”

“ಅಲ್ಲಿಗೆ ಕಂಬವೇ ಇಲ್ಲ,” ಎಂದು ಅವರು ಪೆನ್ನು ಎತ್ತಿದರು. ಸ್ವಲ್ಪ ಹೊತ್ತು ಹಾಳೆ ನೋಡುತ್ತಾ ಕೂತು, ಹೊಳೆಯ ಗೆರೆ ಎಳೆದು, ಅದರಾಚೆ ಮೂರು ಹೆಸರನ್ನೂ ಬರೆದರು.